ಬಾವಿ ಬತ್ತಿದ ಮೇಲೆ ಸೊಳ್ಳೆ ಎಲ್ಲಿಗೆ ಹೋಯಿತು

ನೆಂಟರ ಮದುವೆ, ಗೃಹಪ್ರವೇಶಗಳ ಊಟದ ಪಂಕ್ತಿಯಲ್ಲಿ ನನಗೆ ತಪ್ಪದೆ ಬೀಳುವ ಪ್ರಶ್ನೆ ಒಂದಿದೆ. ‘ಕೋಲಾರದಲ್ಲಿ ಕುಡಿಯೋಕೇ ನೀರಿಲ್ಲ, ಅಂಥಾ ಕಡೆ ಸೊಳ್ಳೆ ಹಿಡಿಯೋದಕ್ಕೆ ಸರ್ಕಾರ ಯಾಕಪ್ಪ ನಿನಗೆ ಸಂಬಳ ಕೊಡ್ತು?’ ಕೇಳುವವರಿಗೆ ತಮಾಷೆ. ನನಗಾದರೋ ಮೂರು ದಶಕದ ನೌಕರಿಯೇ ಆ ಪ್ರಶ್ನೆಯೊಳಗಿದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯಲ್ಲಿ ಜನ ನೀರನ್ನು ಎಲ್ಲಿ ಹಿಡಿದಿಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅನ್ನುವುದರ ಮೇಲೆ ಅವರಿಗೆ ಯಾವ ಜ್ವರ ಬರುತ್ತದೆ ಅನ್ನುವುದು ನಿಂತಿದೆ. ನಾನು ಕೆಲಸಕ್ಕೆ ಸೇರಿದಾಗ ನೀರು ಬಾವಿಯಲ್ಲಿತ್ತು. ಆಮೇಲೆ ಡ್ರಮ್ಮಿಗೆ, ಸಿಮೆಂಟು ತೊಟ್ಟಿಗೆ ಬಂತು. ನಿವೃತ್ತಿಯ ಹೊತ್ತಿಗೆ ಬೆಂಗಳೂರಿನಿಂದ ಪೈಪಿನಲ್ಲಿ ಹರಿದುಬಂದು ಕೆರೆಗೆ ಬಿತ್ತು. ಮೂರು ಸಲವೂ ಸೊಳ್ಳೆ ಬದಲಾಯಿತು, ಕಾಯಿಲೆ ಬದಲಾಯಿತು. ಬದಲಾಗದೆ ಉಳಿದದ್ದು ‘ಸಾರ್, ಹೊಗೆ ಹೊಡಿಸಿ’ ಅನ್ನುವ ಬೇಡಿಕೆ ಮಾತ್ರ.

ಸೊಳ್ಳೆಯನ್ನು ನೀರಿನಲ್ಲೇ ಹುಡುಕಬೇಕು ಅನ್ನುವುದು ಹೊಸ ವಿದ್ಯೆಯೇನಲ್ಲ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ಯುವ ವೈದ್ಯ ರೊನಾಲ್ಡ್ ರಾಸ್‌ಗೆ ತನ್ನ ಬಂಗಲೆಯಲ್ಲಿ ಸೊಳ್ಳೆ ಕಾಟ ವಿಪರೀತ ಅನ್ನಿಸಿ ನೋಡಿದರೆ, ಕಿಟಕಿಯ ಹೊರಗಿನ ಪೀಪಾಯಿಯ ನೀರಿನಲ್ಲಿ ಮರಿಗಳು ಒದ್ದಾಡುತ್ತಿದ್ದವು. ಪೀಪಾಯಿ ಬೋರಲು ಹಾಕಿಸಿದ, ಕಾಟ ಇಳಿಯಿತು. ಹದಿನಾಲ್ಕು ವರ್ಷ ಕಳೆದು, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅದೇ ಮನುಷ್ಯ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಕಂಡ. ಆ ಕೆಲಸಕ್ಕೆ 1902ರಲ್ಲಿ ನೊಬೆಲ್ ಬಂತು. ಪೀಪಾಯಿ ಬೋರಲು ಹಾಕಿದ್ದಕ್ಕೆ ಯಾರೂ ಏನೂ ಕೊಡಲಿಲ್ಲ. ನನ್ನ ಇಡೀ ವೃತ್ತಿ ಆ ಪೀಪಾಯಿಯ ಕಡೆಯದು.

ನಾನು ಓದಿದ್ದು ಪ್ರಾಣಿಶಾಸ್ತ್ರ. ಎಂ.ಎಸ್ಸಿ.ಗೆ ಪ್ರಾಜೆಕ್ಟ್ ಮಾಡಿದ್ದು ಸೊಳ್ಳೆಯ ಮೇಲಲ್ಲ, ರೇಷ್ಮೆಗೆ ಬೀಳುವ ಊಜಿ ನೊಣದ ಮೇಲೆ. 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನ ಜೊತೆ ಕರ್ನಾಟಕಕ್ಕೆ ಬಂದಿಳಿದ ನೊಣ ಅದು. ನಾನು ಶಿಡ್ಲಘಟ್ಟದ ಹುಳು ಮನೆಗಳಲ್ಲಿ ಕೂರುವ ಹೊತ್ತಿಗೆ ಆ ಕಡೆ ಊಜಿ ಕಾಣದ ಮನೆ ಇರಲಿಲ್ಲ. ರೇಷ್ಮೆ ಹುಳದ ಚರ್ಮದ ಮೇಲೆ ಒಂದೆರಡು ಬಿಳಿ ಮೊಟ್ಟೆ ಅಂಟಿಸಿ ನೊಣ ಹಾರಿಹೋಗುತ್ತದೆ. ಮೊಟ್ಟೆಯೊಡೆದ ಮರಿ ಹುಳದೊಳಗೆ ಕೊರೆದುಕೊಂಡು ಹೋಗುತ್ತದೆ, ಹೋದ ಜಾಗದಲ್ಲಿ ಒಂದು ಕಪ್ಪು ಚುಕ್ಕೆ ಉಳಿಯುತ್ತದೆ. ಹಣ್ಣಾದ ಹುಳ ಗೂಡೇನೋ ಕಟ್ಟಿಬಿಡಬಹುದು. ಒಳಗಿನದು ಗೂಡು ತೂತು ಮಾಡಿಕೊಂಡು ಹೊರಬಂದರೆ ಆ ಗೂಡಿನಲ್ಲಿ ನೂಲು ತೆಗೆಯುವ ಹಾಗಿಲ್ಲ. ಔಷಧಿ ಹೊಡೆದು ಸಾಯಿಸೋಣ ಅಂದರೆ ನೊಣಕ್ಕಿಂತ ಮೊದಲು ಸಾಯುವುದು ರೇಷ್ಮೆ ಹುಳ. ಹಾಗಾಗಿ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಬಂತು. ಆಮೇಲೆ ನೆಸೊಲಿಂಕ್ಸ್ ಥೈಮಸ್ ಅನ್ನುವ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ಕಣಜ ಬಂತು. ಅದು ಊಜಿಯ ಕೋಶದೊಳಗೆ ತನ್ನ ಮೊಟ್ಟೆಯಿಟ್ಟು ಊಜಿಯನ್ನು ಒಳಗೊಳಗೇ ಮುಗಿಸುತ್ತದೆ. ಕೀಟಕ್ಕೆ ಕೀಟವನ್ನೇ ಛೂ ಬಿಡುವ ಈ ಸಂಗತಿ ಆ ವಯಸ್ಸಿನಲ್ಲಿ ನನ್ನನ್ನು ಪೂರ್ತಿ ಹಿಡಿದುಹಾಕಿತ್ತು. ಮುಂದೆ ನೌಕರಿ ಸಿಕ್ಕಿದ್ದು ಮಲೇರಿಯಾ ವಿಭಾಗದಲ್ಲಿ. ರೇಷ್ಮೆ ಹುಳ ಅಲ್ಲಿಗೂ ಹಿಂಬಾಲಿಸಿ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಮಲೇರಿಯಾ ಕೀಟಶಾಸ್ತ್ರಜ್ಞನ ದಿನ ಬೆಳಗಿನ ಜಾವ ದನದ ಕೊಟ್ಟಿಗೆಯಲ್ಲಿ ಶುರುವಾಗುತ್ತದೆ. ಜೊತೆಗೆ ಒಬ್ಬ ಕೀಟ ಸಂಗ್ರಾಹಕ. ಅದು ಇಲಾಖೆಯಲ್ಲಿ ನಿಜವಾಗಿ ಇದ್ದ ಹುದ್ದೆ, ಹೇಳಿದರೆ ಈಗಿನ ಹುಡುಗರು ನಗುತ್ತಾರೆ. ಕೈಯಲ್ಲಿ ಟಾರ್ಚು, ಬಾಯಲ್ಲಿ ಒಂದು ರಬ್ಬರ್ ಟ್ಯೂಬು, ಟ್ಯೂಬಿನ ತುದಿಗೆ ಗಾಜಿನ ಕೊಳವೆ, ಎರಡರ ನಡುವೆ ಸೊಳ್ಳೆ ಗಂಟಲಿಗೆ ಹೋಗದ ಹಾಗೆ ಒಂದು ತುಂಡು ಜಾಲರಿ ಬಟ್ಟೆ. ರಾತ್ರಿ ರಕ್ತ ಕುಡಿದು ಗೋಡೆಗೆ ಒರಗಿ ಕೂತ ಸೊಳ್ಳೆಯ ಪಕ್ಕಕ್ಕೆ ಕೊಳವೆ ಹಿಡಿದು ಮೆಲ್ಲಗೆ ಉಸಿರೆಳೆದರೆ ಅದು ಒಳಗೆ. ಜೋರಾಗಿ ಎಳೆದರೆ ಕಾಲು ಮುರಿಯುತ್ತದೆ, ರೆಕ್ಕೆಯ ಹುರುಪೆ ಉದುರುತ್ತದೆ, ಆಮೇಲೆ ಯಾವ ಜಾತಿ ಅಂತ ಗುರುತಿಸಲು ಪರದಾಡಬೇಕು. ಒಂದು ಕೊಟ್ಟಿಗೆಯಲ್ಲಿ ಇಷ್ಟು ನಿಮಿಷ ಅಂತ ಲೆಕ್ಕವಿಟ್ಟು ಹಿಡಿದು, ಒಬ್ಬ ಮನುಷ್ಯ ಒಂದು ಗಂಟೆಗೆ ಎಷ್ಟು ಹಿಡಿದ ಅನ್ನುವ ಲೆಕ್ಕಕ್ಕೆ ಇಳಿಸುತ್ತೇವೆ. ಜಿಲ್ಲೆಯ ಸೊಳ್ಳೆ ಸಾಂದ್ರತೆ ಅಂತ ವರದಿಯಲ್ಲಿ ಹೋಗುವುದು ಈ ಉಸಿರಿನ ಲೆಕ್ಕವೇ.

ಹಿಡಿದದ್ದನ್ನು ಬೆಳಕಿಗೆ ಹಿಡಿದು ಹೊಟ್ಟೆ ನೋಡಬೇಕು. ಪೂರ್ತಿ ಕೆಂಪಿದ್ದರೆ ನಿನ್ನೆ ರಾತ್ರಿಯ ಊಟ. ಅರ್ಧ ಕಪ್ಪು, ಅರ್ಧ ಬಿಳಿ ಇದ್ದರೆ ರಕ್ತ ಕರಗಿ ಮೊಟ್ಟೆಯಾಗುತ್ತಿದೆ. ಹೊಟ್ಟೆಯೆಲ್ಲ ಬಿಳಿಚಿ ಉಬ್ಬಿದ್ದರೆ ಇವತ್ತು ಸಂಜೆಯೋ ನಾಳೆಯೋ ನೀರಿಗೆ ಹೋಗುತ್ತದೆ. ಗಂಡು ಸೊಳ್ಳೆ ಕಚ್ಚುವುದಿಲ್ಲ ಅನ್ನುವುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ನಮ್ಮ ಕಡೆ ಮಲೇರಿಯಾ ಹರಡುತ್ತಿದ್ದ ಅನಾಫಿಲಿಸ್ ಕ್ಯುಲಿಸಿಫೇಸೀಸ್ ಅನ್ನುವ ಸಣಕಲು ಸೊಳ್ಳೆಗೆ ಮನುಷ್ಯರಿಗಿಂತ ದನದ ರಕ್ತವೇ ಪ್ರಿಯ ಅಂದರೆ ಊರವರು ನಂಬುತ್ತಿರಲಿಲ್ಲ. ಮುಳಬಾಗಿಲು ಕಡೆಯ ಗಡಿ ಹಳ್ಳಿಗಳಲ್ಲಿ ತೆಲುಗೇ ಮನೆಮಾತು. ಅಲ್ಲೊಬ್ಬ ಅಜ್ಜಿ ನಾನು ಕೊಟ್ಟಿಗೆಯಿಂದ ಹೊರಬರುವುದನ್ನೇ ಕಾಯುತ್ತಿದ್ದು, ‘ನಮ್ಮ ದನದ ಸೊಳ್ಳೆ ನಿಮಗ್ಯಾಕೆ ಸಾಮಿ, ಮನೇಲಿರೋವು ಹಿಡ್ಕೊಂಡು ಹೋಗಿ’ ಅಂದಿದ್ದಳು. ನ್ಯಾಯವಾದ ಮಾತು.

ಗೋಡೆಗಳ ಮೇಲೆ ಆಗ ಇನ್ನೊಂದು ಗುರುತು ಕಾಣುತ್ತಿತ್ತು: ಡಿ.ಡಿ.ಟಿ. ಹೊಡೆದ ತಾರೀಖು. ದೇಶ ಸ್ವತಂತ್ರವಾದಾಗ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಅನ್ನುವುದು ಅಂದಾಜು. 1953ರಲ್ಲಿ ನಿಯಂತ್ರಣ ಕಾರ್ಯಕ್ರಮ ಶುರುವಾಗಿ, 1958ರಲ್ಲಿ ಅದೇ ನಿರ್ಮೂಲನ ಕಾರ್ಯಕ್ರಮವಾಗಿ, ಅರವತ್ತರ ದಶಕದ ನಡುವೆ ಪ್ರಕರಣಗಳು ಲಕ್ಷದ ಆಸುಪಾಸಿಗೆ ಇಳಿದವು. ಹತ್ತೇ ವರ್ಷದಲ್ಲಿ, 1976ಕ್ಕೆ, ಮತ್ತೆ 64 ಲಕ್ಷ. ನನ್ನ ಹಿರಿಯ ಸಹೋದ್ಯೋಗಿಗಳು ಆ ಇಳಿತವನ್ನೂ ಏರಿಕೆಯನ್ನೂ ಕಣ್ಣಾರೆ ಕಂಡವರು. ‘ನಿರ್ಮೂಲನ’ ಅನ್ನುವ ಪದ ಯಾರಾದರೂ ಆಡಿದರೆ ಅವರು ಎದ್ದು ಟೀ ಕುಡಿಯಲು ಹೋಗುತ್ತಿದ್ದರು.

ಏರಿಕೆಗೆ ಕಾರಣ ಹಲವು. ಅದರಲ್ಲಿ ಒಂದನ್ನು ನಾವೇ ಲ್ಯಾಬಿನಲ್ಲಿ ನೋಡುತ್ತಿದ್ದೆವು. ವಿಶ್ವ ಆರೋಗ್ಯ ಸಂಸ್ಥೆಯ ಕಿಟ್ಟಿನಲ್ಲಿ ಕೀಟನಾಶಕ ಸವರಿದ ಕಾಗದ ಬರುತ್ತದೆ. ಅದನ್ನು ಕೊಳವೆಯ ಒಳಗೋಡೆಗೆ ಸುತ್ತಿ, ಸೊಳ್ಳೆಗಳನ್ನು ಒಂದು ಗಂಟೆ ಅದರೊಳಗೆ ಬಿಟ್ಟು, ಶುದ್ಧ ಕೊಳವೆಗೆ ದಾಟಿಸಿ, ಸಕ್ಕರೆ ನೀರಿನ ಹತ್ತಿ ಇಟ್ಟು, ಇಪ್ಪತ್ನಾಲ್ಕು ಗಂಟೆ ಬಿಟ್ಟು ಎಣಿಸಬೇಕು. ಡಿ.ಡಿ.ಟಿ. ಕಾಗದದ ಮೇಲೆ ಒಂದು ಗಂಟೆ ಕೂತ ಕ್ಯುಲಿಸಿಫೇಸೀಸ್ ಮರುದಿನ ಬೆಳಿಗ್ಗೆ ಕೊಳವೆಯಲ್ಲಿ ಆರಾಮಾಗಿ ಹಾರಾಡುತ್ತಿರುತ್ತಿತ್ತು. ಹೊಸಬನಾಗಿದ್ದ ನನಗೆ ಕಾಗದವೇ ಹಳೆಯದಿರಬೇಕು ಅನ್ನಿಸುತ್ತಿತ್ತು. ಕಾಗದ ಸರಿಯಾಗಿಯೇ ಇರುತ್ತಿತ್ತು.

ಇನ್ನು ರೇಷ್ಮೆ ಮನೆಗಳ ವಿಷಯ. ಪಂಪು ಹೊತ್ತ ತಂಡ ಹಳ್ಳಿಗೆ ಕಾಲಿಟ್ಟ ಕೂಡಲೇ ಅರ್ಧಕ್ಕರ್ಧ ಮನೆಗಳ ಬಾಗಿಲು ಹಾಕಿಬಿಡುತ್ತಿದ್ದವು. ಬಂಗಾರಪೇಟೆ ತಾಲ್ಲೂಕಿನ ಒಂದು ಊರಿನಲ್ಲಿ ಹೆಂಗಸೊಬ್ಬಳು ಹೊಸ್ತಿಲ ಮೇಲೆ ಎರಡೂ ಕೈ ಚಾಚಿ ನಿಂತುಬಿಟ್ಟಳು. ‘ಹುಳ ನಾಲ್ಕನೇ ಜ್ವರಕ್ಕೆ ಕೂತವೆ. ಒಳಗೆ ಬಂದ್ರೆ ನಾನು ಬಾವಿಗೆ ಬೀಳ್ತೀನಿ.’ ಹುಳ ಪೊರೆ ಬಿಡಲು ಮೇವು ನಿಲ್ಲಿಸಿ ಕೂರುವುದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ. ಅವಳ ಹಿಂದೆ, ತಟ್ಟೆಗಳ ಸಾಲಿನ ಪಕ್ಕದಲ್ಲೇ, ಗಂಡ ಎರಡು ಕಂಬಳಿ ಹೊದ್ದು ನಡುಗುತ್ತಾ ಮಲಗಿದ್ದ. ರಕ್ತ ತೆಗೆಯಲು ಬಿಟ್ಟಳು, ಮಾತ್ರೆ ತೆಗೆದುಕೊಂಡಳು, ಪಂಪನ್ನು ಮಾತ್ರ ಒಳಗೆ ಬಿಡಲಿಲ್ಲ. ಹಟ ಅಂತ ಬರೆದುಕೊಂಡು ಬರಬಹುದಿತ್ತು, ವರದಿಯ ನಮೂನೆಯಲ್ಲಿ ‘ನಿರಾಕರಿಸಿದ ಮನೆಗಳು’ ಅಂತ ಒಂದು ಕಲಮೇ ಇತ್ತು. ಆದರೆ ಆ ತಟ್ಟೆಗಳಲ್ಲಿದ್ದದ್ದು ಮುಂದಿನ ಎರಡು ತಿಂಗಳ ರಾಗಿ, ಮಗಳ ಫೀಸು, ಸೊಸೈಟಿ ಸಾಲದ ಕಂತು. ಮಲೇರಿಯಾ ಜ್ವರ ಕ್ಲೋರೋಕ್ವಿನ್ ನುಂಗಿದರೆ ಇಳಿಯುತ್ತದೆ, ಸತ್ತ ಬೆಳೆ ಎದ್ದು ಬರುವುದಿಲ್ಲ. ಅವಳ ಲೆಕ್ಕಾಚಾರದಲ್ಲಿ ತಪ್ಪು ಹುಡುಕಲು ನನಗಂತೂ ಆಗಲಿಲ್ಲ.

ಗೋಡೆಗೆ ಹೊಡೆಯುವ ಹಾಗಿಲ್ಲ ಅಂದಮೇಲೆ ಉಳಿದದ್ದು ಬಾವಿ. ಇಂದು ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆ ಅನ್ನಿಸಿಕೊಂಡಿರುವ ಅಂದಿನ ಮಲೇರಿಯಾ ಸಂಶೋಧನಾ ಕೇಂದ್ರದ ಬೆಂಗಳೂರು ಘಟಕದವರು ತೊಂಬತ್ತರ ದಶಕದಲ್ಲಿ ಕಾಮಸಮುದ್ರದ ಪ್ರಾಥಮಿಕ ಆರೋಗ್ಯ ಕೇಂದ್ರದ ಹಳ್ಳಿಗಳಲ್ಲಿ ಇದನ್ನೇ ಹಿಡಿದು ಹೊರಟರು. ನೀರಾವರಿ ಬಾವಿ, ಸೇದುವ ಬಾವಿ, ಕುಂಟೆಗಳಿಗೆಲ್ಲ ಗಪ್ಪಿ ಮತ್ತು ಗಂಬೂಸಿಯಾ ಮೀನು. ಹೆಬ್ಬೆರಳಿನಷ್ಟೂ ಇಲ್ಲದ ಮೀನುಗಳು; ಬೆಳೆದ ಒಂದು ಗಂಬೂಸಿಯಾ ದಿನಕ್ಕೆ ನೂರಕ್ಕೂ ಮಿಕ್ಕಿ ಸೊಳ್ಳೆ ಮರಿಗಳನ್ನು ನುಂಗುತ್ತದೆ. ಮಲೇರಿಯಾ ಇಳಿಯಿತು. 2005ರಲ್ಲಿ ಈ ಕೆಲಸ ಪ್ರಕಟವಾದಾಗ ಅದರಲ್ಲಿ ಇನ್ನೊಂದು ಸೂಕ್ಷ್ಮವೂ ಇತ್ತು. ಕ್ಯುಲಿಸಿಫೇಸೀಸ್ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ನೋಡಲು ಒಂದೇ ಥರ ಇರುವ ಬೇರೆ ಬೇರೆ ಜಾತಿಗಳಿವೆ. ಅರ್ಧ ಬಸಿರಾದ ಹೆಣ್ಣಿನ ಅಂಡಾಶಯದ ಕ್ರೋಮೋಸೋಮಿನ ಪಟ್ಟೆ ನೋಡಿಯೇ ಅವುಗಳನ್ನು ಬೇರ್ಪಡಿಸಬೇಕು. ನಮ್ಮ ಕಡೆ ‘ಎ’, ‘ಬಿ’ ಎರಡೂ ಇದ್ದವು. ರೋಗ ಹರಡುವುದರಲ್ಲಿ ಚುರುಕಿನದು ಎ, ಮೀನು ಬಿಟ್ಟ ಬಾವಿಗಳಲ್ಲಿ ಪೆಟ್ಟು ಬಿದ್ದದ್ದೂ ಅದಕ್ಕೇ. ಬಿ ಜಾತಿಯದು ಉಳಿದುಕೊಂಡಿತು, ಉಳಿದರೂ ಅಂಥ ಹಾನಿಯಿಲ್ಲ. ಸೊಳ್ಳೆಯೆಲ್ಲ ಸಾಯಬೇಕಾಗಿಲ್ಲ, ಸರಿಯಾದ ಸೊಳ್ಳೆ ಸರಿಯಾದ ನೀರಿನಲ್ಲಿ ಸತ್ತರೆ ಸಾಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನಾನು ಕಂಡಿಲ್ಲ. ಆ ಪುರಾವೆ ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲಿ ಅನ್ನುವ ಹೆಮ್ಮೆಯೂ ಇದೆ.

ಆ ಮಾದರಿಯನ್ನು ಬೇರೆ ಹಳ್ಳಿಗಳಿಗೆ ಒಯ್ಯುವ ಕೆಲಸ ನಮ್ಮಂಥವರ ಪಾಲಿಗೆ ಬಂತು. ಬಿಸಿಲು ಇಳಿದ ಮೇಲೆ ಕ್ಯಾನಿನಲ್ಲಿ ಮೀನು ಹೊತ್ತು ಬಾವಿ ಬಾವಿ ಸುತ್ತುವುದು. ಕೆಲವರು ಕುಡಿಯುವ ನೀರಿಗೆ ಮೀನು ಬೇಡ ಅಂದರು. ಒಂದು ದೇವಸ್ಥಾನದ ಬಾವಿಗೆ ಮಡಿಯ ಪ್ರಶ್ನೆ ಬಂತು. ಅರ್ಚಕರೇ ಯೋಚನೆ ಮಾಡಿ, ಮತ್ಸ್ಯಾವತಾರ ಅಲ್ಲವೇ ಬಿಡಿ ಅಂದರು. ಇದೆಲ್ಲ ಸಲೀಸು. ತಲೆನೋವು ಬಂದದ್ದು ಬ್ಲೀಚಿಂಗ್ ಪೌಡರಿನಿಂದ. ವಾಂತಿಭೇದಿ ಬರಬಾರದು ಅಂತ ಬಾವಿಗೆ ಬ್ಲೀಚಿಂಗ್ ಸುರಿಯುವವರೂ ನಮ್ಮವರೇ, ಅದೇ ಬಾವಿಗೆ ಮೀನು ಬಿಡುವವರೂ ನಾವೇ. ಕ್ಲೋರಿನ್ ಬಿದ್ದ ಬಾವಿಯಲ್ಲಿ ಮಾರನೇ ದಿನ ಗಪ್ಪಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೊನೆಗೆ ಕುಡಿಯುವ ನೀರಿನ ಬಾವಿ ಅವರಿಗೆ, ಹೊಲದ ಬಾವಿ ನಮಗೆ ಅಂತ ಬಾಯಿಮಾತಿನಲ್ಲಿ ಒಂದು ಪಾಲುಪಟ್ಟಿ ಆಯಿತು. ಗಂಬೂಸಿಯಾ ಬಗ್ಗೆ ಒಂದು ಮಾತು ಸೇರಿಸಬೇಕು. ಅದು ಅಮೆರಿಕದ ಮೀನು, ಕೆರೆಗೆ ಸೇರಿಕೊಂಡರೆ ಕಪ್ಪೆಮರಿ, ನಮ್ಮ ಊರ ಮೀನಿನ ಮರಿ ಯಾವುದನ್ನೂ ಬಿಡುವುದಿಲ್ಲ. ಜಗತ್ತಿನ ನೂರು ದುಷ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಬಾವಿಗೆ ಸರಿ, ಕೆರೆಗೆ ಬೇಡ ಅನ್ನುವುದು ಆಗಲೂ ಈಗಲೂ ನನ್ನ ಮಾತು.

ಮೀನು ಗೆದ್ದಿತೋ ಸೋತಿತೋ ಅಂತ ಇನ್ನೂ ಹತ್ತು ವರ್ಷ ನೋಡಬೇಕಿತ್ತು. ಅಷ್ಟರಲ್ಲಿ ಬಾವಿಗಳೇ ಬತ್ತಿದವು. ಕೊಳವೆ ಬಾವಿ ಇನ್ನೂರು ಅಡಿಯಿಂದ ಐನೂರಕ್ಕೆ, ಅಲ್ಲಿಂದ ಸಾವಿರ ದಾಟಿ ಹೋಯಿತು. ತೆರೆದ ಬಾವಿಗಳ ಮೆಟ್ಟಿಲ ಮೇಲೆ ಕಳ್ಳಿ ಬೆಳೆಯಿತು, ಕೆಲವನ್ನು ಕಸ ಸುರಿದು ಮುಚ್ಚಿದರು. ನಾವು ಮೀನು ಬಿಟ್ಟ ಬಾವಿಗಳ ಹಳೆಯ ಪಟ್ಟಿಯನ್ನು ಹಿಡಿದು ಹೊರಟರೆ ಮೀನಿರಲಿ, ನೀರಿರುವ ಬಾವಿ ಸಿಗುವುದೇ ಕಷ್ಟವಾಯಿತು. ಕ್ಯುಲಿಸಿಫೇಸೀಸ್ ತಾನಾಗಿಯೇ ವಿರಳವಾಯಿತು. ಮಲೇರಿಯಾ ಇಳಿದ ಶ್ರೇಯಸ್ಸಿನಲ್ಲಿ ಬರಕ್ಕೂ ಒಂದು ಪಾಲು ಕೊಡಬೇಕು. ಇಲಾಖೆಯ ವರದಿಗಳಲ್ಲಿ ಬರದ ಹೆಸರು ಬರುವುದಿಲ್ಲ.

ಬಾವಿ ಹೋದ ಮೇಲೆ ನೀರು ಮನೆಯೊಳಗೆ ಬಂತು. ವಾರಕ್ಕೊಮ್ಮೆ, ಎಂಟು ಹತ್ತು ದಿನಕ್ಕೊಮ್ಮೆ ಬಿಡುವ ನಲ್ಲಿ, ಇಲ್ಲವೇ ಟ್ಯಾಂಕರು. ಬಂದಾಗ ಹಿಡಿದಿಟ್ಟುಕೊಳ್ಳದವನು ದಡ್ಡ. ನೀಲಿ ಡ್ರಮ್ಮು, ಸಿಮೆಂಟು ತೊಟ್ಟಿ, ಬಚ್ಚಲ ಹಂಡೆ, ಹಿತ್ತಲಲ್ಲಿ ಮೂಲೆಗುಂಪಾದ ಒರಳುಕಲ್ಲು, ಸೂರಿನ ಮೇಲಿನ ಹಳೆ ಟಯರು. ಡೆಂಗಿ, ಚಿಕುನ್‌ಗುನ್ಯ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಗೆ ಬೇಕಾದದ್ದು ಇಷ್ಟೇ. ತಿಳಿನೀರು, ನೆರಳು, ಒಂದು ವಾರ ಕದಡದೆ ಇದ್ದರೆ ಆಯಿತು. ಏಳರಿಂದ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಇದು ಹಗಲು ಕಚ್ಚುವ ಸೊಳ್ಳೆ, ಹುಟ್ಟಿದ ಮನೆಯಿಂದ ದೂರ ಹೋಗುವ ಪೈಕಿಯಲ್ಲ. ಮೊಟ್ಟೆಯನ್ನು ನೀರಿನ ಮೇಲಿಡದೆ, ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಒದ್ದೆ ಗೋಡೆಗೆ ಅಂಟಿಸುತ್ತದೆ. ನೀರು ಖಾಲಿಯಾಗಿ ತೊಟ್ಟಿ ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಕಾಯುತ್ತದೆ. ಮುಂದಿನ ಸಲ ನಲ್ಲಿ ಬಂದು ನೀರು ಆ ಗೆರೆಗೆ ಮುಟ್ಟಿದರೆ ಅದೇ ದಿನ ಮರಿ. ಹೀಗಾಗಿ ಬರೀ ಚೆಲ್ಲಿದರೆ ಸಾಲದು, ತೆಂಗಿನ ನಾರು ಹಾಕಿ ತಿಕ್ಕಬೇಕು ಅಂತ ನಾನು ಹೇಳಿ ಹೇಳಿ ಕೆಲವು ಬೀದಿಗಳಲ್ಲಿ ಮಕ್ಕಳು ನನ್ನನ್ನು ‘ತಿಕ್ಕೋ ಸಾರು’ ಅಂತಲೇ ಕರೆಯುತ್ತಿದ್ದರು.

2006 ಬಂತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದೇಶದಲ್ಲಿ ಸುದ್ದಿಯಿಲ್ಲದಿದ್ದ ಚಿಕುನ್‌ಗುನ್ಯ ಎದ್ದು ಕೂತಿತು. ಆ ವರ್ಷ ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವು. ಊರಿಗೆ ಊರೇ ಮಲಗಿದ್ದನ್ನು ನೋಡಿದ್ದೇನೆ. ಟೊಮೆಟೊ ಬಿಡಿಸುವ ಹೆಂಗಸರು ಬೆರಳು ಮಡಿಸಲಾಗದೆ, ಹಣ್ಣು ಗಿಡದಲ್ಲೇ ಕೊಳೆಯಿತು. ಹಾಲು ಕರೆಯಲಾಗದೆ ಡೇರಿಗೆ ಹಾಲು ಕಡಿಮೆಯಾಯಿತು. ಸಾಯುವವರು ಕಡಿಮೆ, ಆದರೆ ಆರು ತಿಂಗಳಾದರೂ ಗೋಡೆ ಹಿಡಿದು ನಡೆಯುವವರು ಮನೆಗೊಬ್ಬರು. ಎಲ್ಲ ಕಡೆಯಿಂದಲೂ ಫಾಗಿಂಗ್ ಯಂತ್ರಕ್ಕೆ ಕರೆ. ಸಂಜೆ ಬೀದಿಯಲ್ಲಿ ಬಿಳಿ ಹೊಗೆ, ಹಿಂದೆ ಮಕ್ಕಳ ಓಟ, ಮುಂದೆ ಒಬ್ಬ ಸದಸ್ಯರು ಕೈಮುಗಿಯುತ್ತಾ. ಆ ಹೊತ್ತಿಗೆ ಈಡಿಸ್ ಮಂಚದಡಿಯಲ್ಲೋ ಗೂಟಕ್ಕೆ ನೇತುಹಾಕಿದ ಅಂಗಿಯ ಮರೆಯಲ್ಲೋ ಕೂತಿರುತ್ತದೆ. ಹೊಗೆ ಬರುತ್ತಿದ್ದ ಹಾಗೆ ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಹಾರಾಡುವ ಒಂದಷ್ಟು ಸಾಯುತ್ತವೆ, ತೊಟ್ಟಿಯಲ್ಲಿದ್ದವು ನಾಳೆ ಎದ್ದು ಬರುತ್ತವೆ. ರೋಗ ಜೋರಾಗಿ ಹಬ್ಬುವಾಗ ಫಾಗಿಂಗಿಗೆ ಸಣ್ಣದೊಂದು ಜಾಗವಿದೆ, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ಸಿಗುವ ಚಪ್ಪಾಳೆಯ ನೂರನೇ ಒಂದು ಪಾಲು ಮುಚ್ಚಳಕ್ಕೆ ಸಿಕ್ಕಿದ್ದರೆ ನನ್ನ ಕೆಲಸ ಹಗುರವಾಗುತ್ತಿತ್ತು.

ಕೋಲಾರದ ಹಳೇ ಬೀದಿಯೊಂದರ ತೊಟ್ಟಿ ನೆನಪಿದೆ. ಮನೆಯಾಕೆ ‘ನಮ್ಮಲ್ಲಿ ಹುಳಗಿಳ ಏನೂ ಇಲ್ಲ’ ಅಂದಳು. ನಾನು ತಕ್ಷಣ ಟಾರ್ಚು ಹಾಕಲಿಲ್ಲ. ಬೆಳಕೋ ನೆರಳೋ ಬಿದ್ದರೆ ಮರಿಗಳು ತಳಕ್ಕೆ ಧುಮುಕಿ ಬಿಡುತ್ತವೆ, ಆಗ ನೀರು ನಿಜಕ್ಕೂ ಖಾಲಿ ಕಾಣುತ್ತದೆ. ಎರಡು ನಿಮಿಷ ಮಾತಾಡಿಸುತ್ತಾ ನಿಂತೆ. ಒಂದೊಂದಾಗಿ ಮೇಲೆ ಬಂದು ಬಾವಲಿಗಳ ಹಾಗೆ ತಲೆಕೆಳಗಾಗಿ ನೀರಿನ ಮೇಲ್ಮೈಗೆ ಜೋತುಬಿದ್ದವು. ಬಾಲದ ತುದಿಯ ಕೊಳವೆಯಲ್ಲಿ ಉಸಿರು. ಬಿಳಿ ಎನಾಮಲ್ ತಟ್ಟೆಗೆ ಮೊಗೆದು ತೋರಿಸಿದೆ. ತಟ್ಟೆಯಲ್ಲಿ ಅಲ್ಪವಿರಾಮದ ಆಕಾರದ ಒಂದು ಕೋಶವೂ ಇತ್ತು, ಅದು ನಮ್ಮ ಕಣ್ಣೆದುರೇ ಬೆನ್ನಿನಲ್ಲಿ ಸೀಳಿತು. ಒಳಗಿಂದ ಸೊಳ್ಳೆ ಎದೆ ತೂರಿಸಿ, ಕಾಲು ಬಿಡಿಸಿಕೊಂಡು, ತಾನು ಬಿಚ್ಚಿದ ಸಿಪ್ಪೆಯ ಮೇಲೇ ನಿಂತು ಒಣಗಿತು. ಕಾಲಿನ ಬಿಳಿ ಪಟ್ಟೆ ಸ್ಪಷ್ಟವಾಗಿ ಕಂಡಿತು. ಆಕೆ ಬಗ್ಗಿ ನೋಡುತ್ತಲೇ ಇದ್ದಳು, ಆಮೇಲೆ ಮಗನನ್ನು ಕರೆದಳು, ಪಕ್ಕದ ಮನೆಯವರನ್ನು ಕರೆದಳು. ಕರಪತ್ರ ಹಂಚಿ ಆಗದ್ದು ಆ ತಟ್ಟೆಯಿಂದ ಆಯಿತು. ಮರಿ ಸಾಯಿಸುವ ಟೆಮೆಫಾಸ್ ಮದ್ದು ಹಾಕಿದರೆ ನೀರು ವಾಸನೆ ಬರುತ್ತದೆ ಅಂತ ಆ ಬೀದಿಯವರು ಯಾವತ್ತೂ ಒಪ್ಪಿರಲಿಲ್ಲ. ಹಳೇ ಪಂಚೆಯನ್ನು ತೊಟ್ಟಿಯ ಬಾಯಿಗೆ ಬಿಗಿದು ಕಟ್ಟುವುದಕ್ಕೆ ಒಪ್ಪಿದರು.

2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಕಟ್ಟಡ ಕಟ್ಟುವವರಿಗೆ, ಖಾಲಿ ನಿವೇಶನದವರಿಗೆ ಹಾಕಿದ ದೊಡ್ಡ ದಂಡಕ್ಕೆ ನನ್ನ ತಕರಾರಿಲ್ಲ, ಅವರ ತಳಪಾಯದ ಗುಂಡಿಗಳಲ್ಲಿ ನಾನೇ ಬೇಕಾದಷ್ಟು ಮರಿ ಹಿಡಿದಿದ್ದೇನೆ. ಆದರೆ ಹತ್ತು ದಿನಕ್ಕೊಮ್ಮೆ ನೀರು ಬರುವ ಬೀದಿಯಲ್ಲಿ ಹನ್ನೊಂದನೇ ದಿನಕ್ಕೆ ನೀರು ಉಳಿಸಿಕೊಂಡಿದ್ದಕ್ಕೆ ಹೆಂಗಸಿನಿಂದ ಇನ್ನೂರು ರೂಪಾಯಿ ಕೀಳುವುದಾದರೆ, ನೀರು ಬಿಡದವರ ದಂಡ ಎಷ್ಟು ಅಂತಲೂ ಹೇಳಬೇಕು.

ಇಲ್ಲಿ ಟೊಮೆಟೊ ವಿಷಯ ಹೇಳದೆ ಮುಂದೆ ಹೋಗಲಾರೆ. ನನ್ನ ಹುದ್ದೆಗೂ ಟೊಮೆಟೊಗೂ ಸಂಬಂಧವಿರಲಿಲ್ಲ, ಆದರೆ ಹುಳದ ಬಗ್ಗೆ ಗೊತ್ತಿರುವವನು ಜೀಪಿನಲ್ಲಿ ಬಂದರೆ ರೈತ ಬಿಡುತ್ತಾನೆಯೇ? 1999ರಲ್ಲಿ ಬಿಳಿ ನೊಣದ ‘ಬಿ’ ಬಗೆ ಭಾರತದಲ್ಲಿ ಮೊದಲು ಪತ್ತೆಯಾದದ್ದು ಕೋಲಾರದ ಟೊಮೆಟೊ ಹೊಲಗಳಲ್ಲಿ. ಅದು ಹರಡುವ ಎಲೆ ಮುರುಟು ರೋಗ ಹೊಲಕ್ಕೆ ಹೊಲವನ್ನೇ ಹಿಡಿಯಿತು. ದಕ್ಷಿಣ ಅಮೆರಿಕದಿಂದ ಯುರೋಪು ಸುತ್ತಿಕೊಂಡು ಬಂದ ಟ್ಯೂಟಾ ಪತಂಗ 2014ರಲ್ಲಿ ದೇಶದೊಳಗೆ ಕಾಣಿಸಿಕೊಂಡು ಹಣ್ಣಿನ ತೊಟ್ಟಿನ ಬುಡದಿಂದ ಕೊರೆಯತೊಡಗಿತು. ಪ್ರತಿಯೊಂದಕ್ಕೂ ಅಂಗಡಿಯವನು ಕೊಟ್ಟ ಬಾಟಲಿ, ವಾರಕ್ಕೆ ಎರಡು ಸಲ ಸ್ಪ್ರೇ. ಬಾಟಲಿಯ ಚೀಟಿ ಓದಿದರೆ ಬಹಳ ಸಲ ನಮ್ಮದೇ ಪೈರಿಥ್ರಾಯ್ಡ್ ಗುಂಪಿನ ಔಷಧಿ, ಡಿ.ಡಿ.ಟಿ. ಕೈಕೊಟ್ಟ ಮೇಲೆ ನಾವು ಗೋಡೆಗೆ ಹೊಡೆಯಲು, ಪರದೆಗೆ ಸವರಲು ಇಟ್ಟುಕೊಂಡದ್ದು. ಹೊಲದ ಬದಿಯ ನೀರಿನಲ್ಲಿ ಹುಟ್ಟುವ ಸೊಳ್ಳೆ ಮನೆಗೆ ಬರುವ ಮೊದಲೇ ಆ ಔಷಧಿಯ ಪರಿಚಯ ಮಾಡಿಕೊಂಡಿರುತ್ತದೆ. ನಮ್ಮ ಕಿಟ್ಟಿನ ಕಾಗದದ ಮೇಲೆ ಬದುಕುಳಿಯುವ ಸೊಳ್ಳೆಗಳಿಗೆ ಹೊಲದಲ್ಲೂ ತರಬೇತಿ ಆಗಿದೆ ಅನ್ನುವುದು ಕೃಷಿಯವರಿಗೂ ಗೊತ್ತು, ಆರೋಗ್ಯದವರಿಗೂ ಗೊತ್ತು. ಇಬ್ಬರೂ ಒಂದೇ ಮೇಜಿಗೆ ಕೂತದ್ದನ್ನು ನಾನು ನೋಡಿಲ್ಲ.

ಪಕ್ಕದ ಹಿಪ್ಪುನೇರಳೆ ತೋಟದಲ್ಲಿ ಕಥೆಯೇ ಬೇರೆ. ಟೊಮೆಟೊಗೆ ಹೊಡೆದ ಮದ್ದು ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತರೆ ಹುಳ ಸಾಯುತ್ತದೆ, ಅಣ್ಣತಮ್ಮಂದಿರ ನಡುವೆಯೇ ಪೊಲೀಸ್ ಸ್ಟೇಷನ್ನಿಗೆ ಹೋಗುವ ಜಗಳ ಆಗುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪರಂಗಿಯ ಹಿಟ್ಟು ತಿಗಣೆ ಹಿಪ್ಪುನೇರಳೆಗೂ ಹಬ್ಬಿದಾಗ ರೇಷ್ಮೆಯವರಿಗೆ ಬಾಟಲಿಯ ದಾರಿ ಇರಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿಗೆ ತರಿಸಿ, ಬೆಳೆಸಿ ಬಿಟ್ಟ ಅಸೆರೊಫೇಗಸ್ ಪಪಾಯೆ ಅನ್ನುವ ಪುಟ್ಟ ಕಣಜ ಆ ತಿಗಣೆಯನ್ನು ಹದ್ದುಬಸ್ತಿಗೆ ತಂದಿತು. ಊಜಿಗೆ ಕಣಜ, ತಿಗಣೆಗೆ ಕಣಜ, ಮಲೇರಿಯಾಕ್ಕೆ ಮೀನು. ಮೂರು ಸಲವೂ ನಮ್ಮ ಕೈಯಿಂದ ಪಂಪು ಕಿತ್ತುಕೊಂಡದ್ದು ರೇಷ್ಮೆ ಹುಳ. ಟೊಮೆಟೊಗೆ ಅಂಥ ಕಾವಲುಗಾರ ಯಾರೂ ಇಲ್ಲ.

ಕೊನೆಯ ಬದಲಾವಣೆ 2018ರ ಜೂನ್‌ನಲ್ಲಿ ಬಂತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಿದ್ದ ದಿನ ಜನ ಪೂಜೆ ಮಾಡಿದರು, ಕೆಲವರು ಅತ್ತರು. ಕೋಲಾರ ಮತ್ತು ಚಿಂತಾಮಣಿ ಕಡೆಯ 126 ಕೆರೆ ತುಂಬಿಸುವ ಯೋಜನೆ. ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು ಸಾಕೇ, ಮೂರನೇ ಹಂತ ಬೇಡವೇ ಅನ್ನುವ ಹೋರಾಟ ಇನ್ನೂ ನಡೆದಿದೆ, ಆ ಹೋರಾಟದ ಕಡೆಗೇ ನನ್ನ ಮನಸ್ಸು. ಆದರೆ ಸತ್ತ ಕೊಳವೆ ಬಾವಿಗಳಲ್ಲಿ ನೀರು ಮೇಲೆ ಬಂದದ್ದನ್ನೂ ಕಂಡಿದ್ದೇನೆ. ನನಗೆ ಸಂಬಂಧಿಸಿದ್ದು ಕೆರೆಯ ಅಂಚು. ಅಗಲವಾದ ತೆರೆದ ನೀರಿನಲ್ಲಿ ಗಾಳಿಯ ಅಲೆ ಇರುತ್ತದೆ, ಮೀನಿರುತ್ತದೆ, ಸೊಳ್ಳೆ ಅಲ್ಲಿ ಬೆಳೆಯುವುದಿಲ್ಲ. ಪೋಷಕಾಂಶ ತುಂಬಿದ ನೀರಿನಲ್ಲಿ ಜೊಂಡು, ಅಂತರಗಂಗೆ ಹಬ್ಬಿದರೆ ಅವುಗಳ ನಡುವಿನ ನಿಂತ ನೀರಿಗೆ ಮೀನು ನುಗ್ಗಲಾರದು, ಅಲ್ಲಿ ಕ್ಯುಲೆಕ್ಸ್ ಅನ್ನುವ ಸೊಳ್ಳೆ ಮೊಟ್ಟೆಗಳ ತೆಪ್ಪ ತೇಲಿಸುತ್ತದೆ. ಇದರ ಜೊತೆಗೆ ಟೊಮೆಟೊ ಹನಿ ನೀರಾವರಿಗೆಂದು ತೋಡಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಗಳು. ಬಾವಿಯ ಕಾಲವೇ ಹೊಸ ಬಟ್ಟೆ ಹಾಕಿಕೊಂಡು ಮರಳಿದಂತಿದೆ, ಗಪ್ಪಿಯನ್ನು ಮತ್ತೆ ಕೇಳುವವರಿದ್ದಾರೆ.

ನನ್ನ ಚಿಂತೆ ಇನ್ನೂ ಒಂದಿದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಇದೇ ಜಿಲ್ಲೆಯಲ್ಲಿ ಮೆದುಳು ಜ್ವರ, ಜಪಾನೀಸ್ ಎನ್ಸೆಫಲೈಟಿಸ್, ಮಕ್ಕಳನ್ನು ಸಾಲಾಗಿ ಕೊಂಡೊಯ್ದಿತ್ತು. ಕೆರೆ ಕೆಳಗಿನ ಭತ್ತದ ಗದ್ದೆ, ಗದ್ದೆಯಲ್ಲಿ ಹುಟ್ಟುವ ಕ್ಯುಲೆಕ್ಸ್ ಟ್ರೈಟೀನಿಯೊರಿಂಕಸ್, ವೈರಸ್ಸನ್ನು ಇಟ್ಟುಕೊಳ್ಳುವ ಬೆಳ್ಳಕ್ಕಿ, ಅದನ್ನು ಹೆಚ್ಚಿಸುವ ಹಂದಿ: ಈ ನಾಲ್ಕೂ ಸೇರಬೇಕು. ಬರಗಾಲ ಭತ್ತವನ್ನು ಓಡಿಸಿದಾಗ ಸರಪಳಿಯ ಮೊದಲ ಕೊಂಡಿ ಕಳಚಿತ್ತು. ಈಗ ತುಂಬಿದ ಕೆರೆಗಳ ಕೆಳಗೆ ಅಲ್ಲಲ್ಲಿ ನಾಟಿ ಕಾಣುತ್ತಿದೆ, ಬೆಳ್ಳಕ್ಕಿಗಳಂತೂ ಹಿಂಡು ಹಿಂಡಾಗಿ ಬಂದಿವೆ. ಮಕ್ಕಳಿಗೆ ಈಗ ಲಸಿಕೆ ಇದೆ, ಅದು ದೊಡ್ಡ ಸಮಾಧಾನ. ಲಸಿಕೆ ಇದೆಯಲ್ಲ ಅಂತ ಸೊಳ್ಳೆ ನೋಡುವುದನ್ನು ಬಿಟ್ಟರೆ ವೈರಸ್ ಬಂದದ್ದು ತಿಳಿಯುವುದು ಲಸಿಕೆ ತಪ್ಪಿದ ಮಗುವಿನಿಂದ. ನನ್ನ ಜೊತೆ ಉಸಿರೆಳೆದು ಸೊಳ್ಳೆ ಹಿಡಿದವರೆಲ್ಲ ನಿವೃತ್ತರಾದರು. ಅವರ ಜಾಗದಲ್ಲಿ ಈಗ ಆಶಾ ಕಾರ್ಯಕರ್ತೆಯರು ವಾಟ್ಸ್ಯಾಪಿನಲ್ಲಿ ಮರಿಗಳ ಫೋಟೊ ಕಳಿಸಿ ‘ಇದು ಯಾವುದು ಸಾರ್’ ಅಂತ ಕೇಳುತ್ತಾರೆ. ಫೋಟೊದಲ್ಲಿ ಮರಿ ನೀರಿನ ಮೇಲ್ಮೈಗೆ ಅಡ್ಡಡ್ಡ ಮಲಗಿದ್ದರೆ ಅನಾಫಿಲಿಸ್, ಜೋತುಬಿದ್ದಿದ್ದರೆ ಉಳಿದವು ಅಂತ ಹೇಳಬಲ್ಲೆ. ಅದಕ್ಕಿಂತ ಮುಂದಕ್ಕೆ ಹೇಳಲು ನೀರನ್ನೇ ನೋಡಬೇಕು, ಹಾಗಾಗಿ ಬಸ್ಸು ಹತ್ತುತ್ತೇನೆ.

ಹೋದ ತಿಂಗಳು ಅಂಥದ್ದೇ ಒಂದು ಫೋಟೊ ಹಿಡಿದು ಹೋದ ಊರಿನಲ್ಲಿ ಕೆರೆಯ ಪೂರ್ವದ ಅಂಚು ಪೂರ್ತಿ ಜೊಂಡು. ಪಂಚಾಯಿತಿಯವರಿಗೆ ಹೇಳಿದೆ: ದಡದಿಂದ ಎರಡು ಮೂರು ಮೀಟರು ಜೊಂಡು ಕಿತ್ತು ಅಂಚನ್ನು ಕಡಿದಾಗಿಸಿ, ಮೀನು ಓಡಾಡಲು ದಾರಿಯಾಗುತ್ತದೆ, ಉಳಿದದ್ದು ಅವೇ ನೋಡಿಕೊಳ್ಳುತ್ತವೆ. ಕಾರ್ಯದರ್ಶಿ ಬರೆದುಕೊಂಡರು. ಆಮೇಲೆ ಪೆನ್ನು ಮುಚ್ಚಿ, ‘ಅದನ್ನು ನರೇಗಾದಲ್ಲಿ ಹಾಕಬಹುದು ಸಾರ್, ಆದ್ರೆ ಊರವರು ಫಾಗಿಂಗ್ ಮಿಷನ್ ಕೇಳ್ತಾವ್ರೆ, ಅದಕ್ಕೂ ಒಂದು ಲೆಟರ್ ಕೊಡ್ತೀರಾ?’ ಅಂದರು. ಜೊಂಡಿನದಕ್ಕೆ ಮಾತ್ರ ಬರೆದುಕೊಟ್ಟು, ದಡದ ನಕ್ಷೆಯಲ್ಲಿ ಎಲ್ಲಿಂದ ಎಲ್ಲಿಯವರೆಗೆ ಅಂತ ಗೆರೆ ಎಳೆದು ಬಂದೆ.